ಬೈಪೋಲಾರ್ ಕಾಯಿಲೆಗೆ ಇ.ಸಿ.ಟಿ.: ಸಹಿ ಹಾಕುವ ಮುಂಚೆ ಕೇಳಬೇಕಾದ್ದು

ಬೈಪೋಲಾರ್ ಕಾಯಿಲೆ ಇರುವವರ ಮನೆಯಲ್ಲಿ ಇ.ಸಿ.ಟಿ. ಮಾತು ಬರುವುದು ನೆಮ್ಮದಿಯ ಹೊತ್ತಿನಲ್ಲಲ್ಲ. ಕಾಯಿಲೆಯವರು ನಾಲ್ಕಾರು ದಿನದಿಂದ ಅನ್ನ ಮುಟ್ಟಿರುವುದಿಲ್ಲ, ಅಥವಾ ವಾರದಿಂದ ಕಣ್ಣು ಮುಚ್ಚದೆ ಓಡಾಡುತ್ತಿರುತ್ತಾರೆ. ಮನೆಯವರಿಗೂ ನಿದ್ದೆ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ವೈದ್ಯರು ಒಪ್ಪಿಗೆ ಪತ್ರ ಮುಂದಿಟ್ಟು "ಇ.ಸಿ.ಟಿ. ಶುರು ಮಾಡೋಣ" ಅನ್ನುತ್ತಾರೆ. "ಅಂದ್ರೆ ಶಾಕ್ ಟ್ರೀಟ್‌ಮೆಂಟಾ ಸಾರ್?" ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದದ್ದೇ ತಡ, ಅಮ್ಮ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಭಾವ ಊರಿನ ಡಾಕ್ಟರಿಗೆ ಫೋನ್ ಹಚ್ಚುತ್ತಾರೆ, ದೊಡ್ಡಪ್ಪ "ಅದೊಂದು ಬೇಡ, ಮಾತ್ರೆಯಲ್ಲೇ ನೋಡೋಣ" ಅನ್ನುತ್ತಾರೆ.

ಆ ಗಾಬರಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಉಳಿದುಹೋಗುತ್ತವೆ. ಕರೆಂಟಿಗೆ ಹೆದರದವರಿಲ್ಲ. ನೆನಪಿನ ಶಕ್ತಿ ಏನಾಗುತ್ತದೆ ಎಂದು ಕೇಳುವವರು ಕೆಲವರು. ಇ.ಸಿ.ಟಿ. ಮುಗಿದ ಮೇಲೆ ಯಾವ ಮಾತ್ರೆ, ಎಷ್ಟು ಕಾಲ ಎಂದು ಕೇಳುವವರು ಬೆರಳೆಣಿಕೆಯಷ್ಟು. ನನ್ನನ್ನು ಕೇಳಿದರೆ ಕೊನೆಯ ಪ್ರಶ್ನೆಗೆ ಮೊದಲ ಜಾಗ ಸಿಗಬೇಕು, ಕರೆಂಟಿನದು ಕೊನೆಗೆ ಬಂದರೂ ನಷ್ಟವಿಲ್ಲ. ಆದರೂ ಹೆದರಿಕೆ ಇಟ್ಟುಕೊಂಡು ಉಳಿದದ್ದು ಯಾರ ತಲೆಗೂ ಹೋಗುವುದಿಲ್ಲವಾದ್ದರಿಂದ ಕರೆಂಟಿನ ವಿಷಯವನ್ನೇ ಮೊದಲು ಮುಗಿಸಿಬಿಡೋಣ.

ಹಿರಿಯರ ಹೆದರಿಕೆಗೆ ಕಾರಣವಿದೆ

1934ರಲ್ಲಿ ಬುಡಾಪೆಸ್ಟಿನ ಲಾಡಿಸ್ಲಾಸ್ ಮೆಡುನಾ ಎಂಬ ವೈದ್ಯ ಕರ್ಪೂರದ ಇಂಜೆಕ್ಷನ್ ಕೊಟ್ಟು ಮಾನಸಿಕ ರೋಗಿಗಳಲ್ಲಿ ಬೇಕೆಂದೇ ಫಿಟ್ಸ್ ಬರಿಸಿದ. ಕೆಲವರು ಚೇತರಿಸಿಕೊಂಡರು. ಇಂಜೆಕ್ಷನ್ ಕೊಟ್ಟ ಮೇಲೆ ಫಿಟ್ಸ್ ಬರುವ ತನಕದ ನಿಮಿಷಗಳು ಮಾತ್ರ ರೋಗಿಗಳಿಗೆ ನರಕ. 1938ರಲ್ಲಿ ರೋಮಿನ ಉಗೋ ಚೆರ್ಲೆಟ್ಟಿ ಮತ್ತು ಲೂಚಿಯೋ ಬಿನಿ ಅದೇ ಫಿಟ್ಸನ್ನು ವಿದ್ಯುತ್ತಿನಿಂದ ಬರಿಸಿದರು. ಅಲ್ಲಿಂದ ಮುಂದೆ ಬಹಳ ವರ್ಷ ಇದು ಪ್ರಜ್ಞೆ ಇರುವವರಿಗೇ, ನಾಲ್ಕು ಜನ ಕೈಕಾಲು ಹಿಡಿದುಕೊಂಡು ಕೊಡುತ್ತಿದ್ದ ಚಿಕಿತ್ಸೆ. ಮೈ ಸೆಟೆದು ಬೆನ್ನುಮೂಳೆ ಬಿರುಕು ಬಿಟ್ಟ ಉದಾಹರಣೆಗಳಿದ್ದವು. 1950ರ ದಶಕದಲ್ಲಿ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಬಂದವು. ಹಾಗಿದ್ದೂ ನಮ್ಮ ದೇಶದ ಹಲವೆಡೆ ಅರಿವಳಿಕೆ ಇಲ್ಲದ ಇ.ಸಿ.ಟಿ. 2000ದ ದಶಕದಲ್ಲೂ ನಡೆಯುತ್ತಿತ್ತು. ಹಾಗಾಗಿ ಮನೆಯ ಹಿರಿಯರು ತಾವು ಕಂಡ, ಕೇಳಿದ ಸಂಗತಿ ಹೇಳಿದಾಗ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ.

ಅರಿವಳಿಕೆ ಇಲ್ಲದ ಇ.ಸಿ.ಟಿ.ಯನ್ನು ಈಗ ಕಾನೂನೇ ನಿಷೇಧಿಸಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಯಾರಿಗೂ ಇ.ಸಿ.ಟಿ. ಕೊಡುವಂತಿಲ್ಲ. 18 ತುಂಬದವರಿಗೂ ಕೊಡುವಂತಿಲ್ಲ. ಅವರಿಗೆ ಬೇಕೇ ಬೇಕು ಎಂದು ಮನೋವೈದ್ಯರಿಗೆ ಅನ್ನಿಸಿದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ತುರ್ತು ಚಿಕಿತ್ಸೆಯ ಹೆಸರಿನಲ್ಲಿ, ಒಪ್ಪಿಗೆಯ ಕ್ರಮಗಳನ್ನು ಬಿಟ್ಟು, ಇ.ಸಿ.ಟಿ. ಕೊಡುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಲೇಬೇಕಾದ ಒಂದು ಸರಳ ಪ್ರಶ್ನೆ: ಅರಿವಳಿಕೆ ಕೊಡುವ ಡಾಕ್ಟರ್ ಯಾರು, ಅವರು ಪೇಷೆಂಟನ್ನು ನೋಡುವುದು ಯಾವಾಗ? ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಆಸ್ಪತ್ರೆ ನೋಡಿಕೊಳ್ಳಿ.

ಯಾರಿಗೆ ಬೇಕಾಗುತ್ತದೆ

ಬೈಪೋಲಾರ್ ಇರುವ ಹೆಚ್ಚಿನವರಿಗೆ ಇದರ ಅಗತ್ಯವೇ ಬೀಳುವುದಿಲ್ಲ. ಲಿಥಿಯಂ, ವಾಲ್ಪ್ರೋಯೇಟ್, ಕ್ವೆಟಿಯಾಪಿನ್, ಒಲಾಂಜಪಿನ್ ಇಂಥ ಮಾತ್ರೆಗಳಲ್ಲೇ ಕಾಯಿಲೆ ಹಿಡಿತಕ್ಕೆ ಬರುತ್ತದೆ. ಆದರೆ ಮಾತ್ರೆ ಕೆಲಸ ಮಾಡಲು ಸಮಯ ಬೇಕು, ಖಿನ್ನತೆಯಲ್ಲಂತೂ ವಾರಗಟ್ಟಲೆ. ಸಾಯಬೇಕೆಂಬ ಯೋಚನೆ ಬಿಡದೆ ಕಾಡುತ್ತಿರುವಾಗ, ಊಟ ನೀರು ಬಿಟ್ಟು ದೇಹ ಇಳಿದುಹೋಗುತ್ತಿರುವಾಗ, 'ನಾನು ಮಹಾಪಾಪಿ, ನನ್ನಿಂದಲೇ ಮನೆ ಹಾಳಾಯಿತು' ಎಂಬ ಭ್ರಮೆ ಖಿನ್ನತೆಗೆ ಸೇರಿಕೊಂಡಿರುವಾಗ ಅಷ್ಟು ದಿನ ಕಾಯುವುದೇ ಅಪಾಯ. ಕೆಟಟೋನಿಯಾ ಎಂಬ ಸ್ಥಿತಿಯೂ ಬೈಪೋಲಾರ್‌ನಲ್ಲಿ ಅಪರೂಪವಲ್ಲ. ಕರೆದರೂ ಓ ಅನ್ನದೆ, ಎತ್ತಿದ ಕೈಯನ್ನು ಎತ್ತಿದಂತೆಯೇ ಬಿಟ್ಟು ಕೂತುಬಿಡುತ್ತಾರೆ. ಮನೆಯವರು ಎಷ್ಟೋ ಸಲ ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಮಂತ್ರ ಹಾಕಿಸಲು ಹೋಗಿ ದಿನ ಕಳೆಯುತ್ತಾರೆ. ಇದಕ್ಕೆ ಮೊದಲು ಲೊರಾಜೆಪಾಮ್ ಕೊಟ್ಟು ನೋಡುತ್ತಾರೆ. ಬಗ್ಗದಿದ್ದರೆ ಇ.ಸಿ.ಟಿ.ಯಷ್ಟು ಬೇಗ ಕೆಲಸ ಮಾಡುವುದು ಬೇರೆ ಇಲ್ಲ.

ಉನ್ಮಾದಕ್ಕೂ ಇದು ಚಿಕಿತ್ಸೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೊದಲೇ ಅಷ್ಟು ಚುರುಕಾಗಿರುವವರಿಗೆ ಮತ್ತೆ ಕರೆಂಟೇ ಎಂದು ಕೇಳುವವರುಂಟು. 1994ರಲ್ಲಿ ಅಮೆರಿಕದ ಸಂಶೋಧಕರು 50 ವರ್ಷಗಳ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಇ.ಸಿ.ಟಿ. ಪಡೆದ ಉನ್ಮಾದದ ರೋಗಿಗಳಲ್ಲಿ ಸುಮಾರು 80% ಮಂದಿ ಚೆನ್ನಾಗಿ ಸುಧಾರಿಸಿದ್ದರು. ಇಟಲಿಯ ಪೀಸಾ ನಗರದ ವೈದ್ಯರು 2017ರಲ್ಲಿ 522 ಬೈಪೋಲಾರ್ ರೋಗಿಗಳ ಲೆಕ್ಕ ಕೊಟ್ಟರು. ಅವರೆಲ್ಲ ಮಾತ್ರೆಗೆ ಬಗ್ಗದವರು. ಆದರೂ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಜನಕ್ಕೆ ಗುಣ ಕಂಡಿತ್ತು, ಕೆಟಟೋನಿಯಾ ಇದ್ದವರಲ್ಲಿ ಐವರಲ್ಲಿ ನಾಲ್ವರಿಗೆ. ಇನ್ನು 2015ರ ನಾರ್ವೆಯ ಅಧ್ಯಯನವನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದು ಎರಡೂ ಮುಖ ತೋರಿಸುತ್ತದೆ. ಮಾತ್ರೆಗೆ ಜಗ್ಗದ ಬೈಪೋಲಾರ್ ಖಿನ್ನತೆಯಲ್ಲಿ ಇ.ಸಿ.ಟಿ. ಗುಂಪಿನ 74% ಮಂದಿಗೂ ಔಷಧಿ ಗುಂಪಿನ 35% ಮಂದಿಗೂ ಕಾಯಿಲೆ ಗಮನಾರ್ಹವಾಗಿ ಇಳಿಯಿತು. ಆದರೆ ಪೂರ್ತಿ ಗುಣವಾದವರು ಮೊದಲ ಗುಂಪಿನಲ್ಲಿ 35%, ಎರಡನೆಯದರಲ್ಲಿ 30%, ಅಂದರೆ ಹೆಚ್ಚು ಕಡಿಮೆ ಸರಿಸಮ. ಇ.ಸಿ.ಟಿ. ಮುಳುಗುತ್ತಿರುವವರನ್ನು ದಡಕ್ಕೆ ಎಳೆದು ತರುತ್ತದೆ, ಅಲ್ಲಿಂದ ಮನೆಗೆ ನಡೆಯುವ ಕೆಲಸ ಬೇರೆಯೇ ಉಳಿದಿರುತ್ತದೆ.

ಗರ್ಭಿಣಿಯರ ಮಾತು ಬಂದಾಗ ಮನೆಯವರು ಬೆಚ್ಚಿಬೀಳುತ್ತಾರೆ. ಆದರೆ ಬೈಪೋಲಾರ್‌ಗೆ ಕೊಡುವ ವಾಲ್ಪ್ರೋಯೇಟ್ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಆಗಬಹುದಾದ ತೊಂದರೆ ದೊಡ್ಡದು. ಕಾಯಿಲೆ ಕೈಮೀರಿದಾಗ, ಪ್ರಸೂತಿ ತಜ್ಞರನ್ನೂ ಜೊತೆಗಿಟ್ಟುಕೊಂಡು, ಮಗುವಿನ ಎದೆಬಡಿತ ನೋಡಿಕೊಳ್ಳುತ್ತಾ ಕೊಡುವ ಇ.ಸಿ.ಟಿ. ಅಂಥವರಿಗೆ ಒಂದು ದಾರಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುವ ತೀವ್ರ ಬಾಣಂತಿ ಸನ್ನಿಗೂ ಬೈಪೋಲಾರ್‌ಗೂ ಹತ್ತಿರದ ನಂಟಿದೆ. ಅಲ್ಲೂ ಇದು ಬಳಕೆಯಲ್ಲಿದೆ.

ಪೂರ್ತಿ ನಿಷಿದ್ಧ ಎನ್ನುವ ಸ್ಥಿತಿ ಇಲ್ಲವಾದರೂ ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ, ಮೆದುಳಿನಲ್ಲಿ ಗಡ್ಡೆಯೋ ಒತ್ತಡವೋ ಇದ್ದರೆ, ಕಣ್ಣಿನ ರೆಟಿನಾ ಕಳಚಿಕೊಂಡಿದ್ದರೆ ವೈದ್ಯರು ಎರಡೆರಡು ಸಲ ಯೋಚಿಸುತ್ತಾರೆ. ಹಳೆಯ ಫೈಲು, ಇಸಿಜಿ, ಸ್ಕ್ಯಾನ್ ಎಲ್ಲ ಒಟ್ಟಿಗೆ ಒಯ್ಯಿರಿ.

ಆ ಬೆಳಿಗ್ಗೆ ಏನಾಗುತ್ತದೆ

ಹಿಂದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನುವಂತಿಲ್ಲ. ಅರಿವಳಿಕೆಗೆ ಕನಿಷ್ಠ 6 ಗಂಟೆ ಹೊಟ್ಟೆ ಖಾಲಿ ಇರಬೇಕು. ಎಡವಟ್ಟಾಗುವುದು ಇಲ್ಲೇ: ಪಾಪ ಹಸಿದಿದ್ದಾನೆ ಎಂದು ಅಜ್ಜಿ ಬೆಳಿಗ್ಗೆ ಒಂದು ಲೋಟ ಹಾಲು ಕುಡಿಸಿಬಿಡುತ್ತಾರೆ. ಹಾಲು ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಊಟವೇ. ಕುಡಿಸಿದ್ದನ್ನು ಮುಚ್ಚಿಟ್ಟರೆ ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹೇಳಿಬಿಟ್ಟರೆ ಆ ದಿನದ ಇ.ಸಿ.ಟಿ. ಮುಂದಕ್ಕೆ ಹೋಗುತ್ತದೆ, ಅಷ್ಟೇ. ಬಿ.ಪಿ. ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಎಂಬುದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ತಲೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಕೂದಲು ಒಣಗಿರಲಿ. ಹೂವು, ಹೇರ್‌ಪಿನ್, ಕಿವಿಯೋಲೆ, ಹಲ್ಲಿನ ಸೆಟ್ಟು ತೆಗೆದಿಡಬೇಕು. ಅಲ್ಲಾಡುವ ಹಲ್ಲಿದ್ದರೆ ತೋರಿಸಿ. ಉಗುರಿನ ಬಣ್ಣವನ್ನೂ ಅಳಿಸಬೇಕು, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರಿಗೆ ಅದು ಅಡ್ಡಿ.

ಒಳಗೆ ನಡೆಯುವುದು ಹೀಗೆ. ಕೈಗೆ ಸೂಜಿ ಚುಚ್ಚಿ ಥಯೋಪೆಂಟೋನ್ ಅಥವಾ ಪ್ರೊಪೊಫಾಲ್ ಕೊಡುತ್ತಾರೆ, ಕ್ಷಣದಲ್ಲಿ ನಿದ್ದೆ. ಆಮೇಲೆ ಒಂದು ಕೈಗೋ ಕಾಲಿಗೋ ಬಿ.ಪಿ. ನೋಡುವ ಪಟ್ಟಿಯನ್ನು ಬಿಗಿಯಾಗಿ ಊದಿಸುತ್ತಾರೆ. ಏಕೆಂದರೆ ಮುಂದೆ ಕೊಡುವ ಸಕ್ಸಿನೈಲ್‌ಕೋಲಿನ್ ಔಷಧಿ ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸಿಬಿಡುತ್ತದೆ, ಪಟ್ಟಿ ಕಟ್ಟಿದ ಕಡೆಗೆ ಮಾತ್ರ ಹರಿಯುವುದಿಲ್ಲ. ನಾಲಿಗೆ ಕಚ್ಚಿಕೊಳ್ಳದಂತೆ ಹಲ್ಲುಗಳ ನಡುವೆ ರಬ್ಬರ್ ತುಂಡು, ಮೂಗು ಬಾಯಿಗೆ ಆಕ್ಸಿಜನ್. ನಂತರ ತಲೆಗೆ ಎಲೆಕ್ಟ್ರೋಡ್ ಇಟ್ಟು ಕೆಲವೇ ಸೆಕೆಂಡು ಕರೆಂಟ್. ಮನೆಯ ಸಾಕೆಟ್ಟಿನಲ್ಲಿ ಬರುವಂಥ ನಿರಂತರ ಅಲೆಯಲ್ಲ ಇದು, ಒಂದು ಮಿಲಿಸೆಕೆಂಡಿನ ಆಸುಪಾಸಿನ ತುಣುಕುಗಳು. ಮೈ ಒದರುವುದಿಲ್ಲ. ಪಟ್ಟಿ ಕಟ್ಟಿದ ಕಾಲಿನ ಹೆಬ್ಬೆರಳು ಮಾತ್ರ ಸಣ್ಣಗೆ ಅದುರುತ್ತಿರುತ್ತದೆ. ಅದು ಎಷ್ಟು ಹೊತ್ತು ಅದುರಿತು ಎಂದು ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ, ಇ.ಇ.ಜಿ. ಕಾಗದದ ಮೇಲೂ ಫಿಟ್ಸಿನ ಗೆರೆಗಳು ಮೂಡುತ್ತವೆ. ಸಾಮಾನ್ಯವಾಗಿ 20ರಿಂದ 60 ಸೆಕೆಂಡು. ಗುಣ ಕೊಡುವುದು ಈ ಫಿಟ್ಸ್. ಕರೆಂಟ್ ಅದನ್ನು ಎಬ್ಬಿಸುವ ಸಾಧನ ಮಾತ್ರ.

ಒಳಗೆ ಹೋಗಿ ಹೊರಬರಲು ಹತ್ತು ಹದಿನೈದು ನಿಮಿಷ, ಪೂರ್ತಿ ಎಚ್ಚರಾಗಲು ಅರ್ಧ ಗಂಟೆಯಿಂದ ಒಂದು ಗಂಟೆ. ಎದ್ದ ತಕ್ಷಣ "ಎಲ್ಲಿದೀನಿ?" ಎಂದು ಕೇಳುತ್ತಾರೆ, ಕೆಲವೊಮ್ಮೆ ಹತ್ತು ಸಲ ಕೇಳುತ್ತಾರೆ. ಹತ್ತು ಸಲವೂ ಉತ್ತರ ಹೇಳಿ. ತಲೆನೋವು, ದವಡೆ ನೋವು, ವಾಕರಿಕೆ ಬರಬಹುದು. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ವಾರಕ್ಕೆ 2 ಅಥವಾ 3ರಂತೆ ಒಟ್ಟು 6ರಿಂದ 12 ಸಲ ಎಂಬುದು ವಾಡಿಕೆಯ ಲೆಕ್ಕ. ಒಂದೆರಡಕ್ಕೇ ಚೇತರಿಸಿಕೊಂಡರು ಎಂದು ಮಧ್ಯದಲ್ಲಿ ಬಿಡಿಸಿಕೊಂಡು ಹೋಗಬೇಡಿ.

ಜೀವಕ್ಕೆ ಅಪಾಯವಿದೆಯೇ? 1,00,000 ಇ.ಸಿ.ಟಿ.ಗಳಿಗೆ ಸಾವು ಸುಮಾರು 2. ಅಪಾಯ ಹೆಚ್ಚಾಗಿ ಹೃದಯದ ಕಡೆಯಿಂದ ಬರುವುದು, ಮೊದಲೇ ಇಸಿಜಿ ತೆಗೆಯುವುದು ಅದಕ್ಕೇ. ತೀವ್ರ ಖಿನ್ನತೆಯನ್ನು ಚಿಕಿತ್ಸೆ ಇಲ್ಲದೆ ಬಿಡುವುದು ಇದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ.

ಫಿಟ್ಸಿನಿಂದ ಮನಸ್ಸು ಸರಿಹೋಗುವುದು ಹೇಗೆ ಎಂದು ಕೇಳಿದರೆ ಕೆಲವು ವೈದ್ಯರು "ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಹಾಗೆ" ಅಂದುಬಿಡುತ್ತಾರೆ. ಹೇಳಲು ಸಲೀಸು, ತಿಳಿಯುವುದು ಏನೂ ಇಲ್ಲ. ಗೊತ್ತಿರುವ ಒಂದು ಸ್ವಾರಸ್ಯದ ಸಂಗತಿ ಎಂದರೆ ಇ.ಸಿ.ಟಿ. ಕೊಡುತ್ತಾ ಹೋದಂತೆ ಮೆದುಳು ಫಿಟ್ಸಿಗೆ ಹೆಚ್ಚು ಹೆಚ್ಚು ತಡೆ ಒಡ್ಡುತ್ತದೆ, ಮುಂದಿನ ಸಲಕ್ಕೆ ಕರೆಂಟನ್ನು ಏರಿಸಬೇಕಾಗಿ ಬರಬಹುದು. ಫಿಟ್ಸ್ ತಡೆಯುವ ವಾಲ್ಪ್ರೋಯೇಟ್, ಕಾರ್ಬಮಜೆಪಿನ್ ಮಾತ್ರೆಗಳೂ ಬೈಪೋಲಾರ್‌ಗೆ ಕೆಲಸ ಮಾಡುತ್ತವಲ್ಲ, ಅದನ್ನೂ ಇದನ್ನೂ ಜೋಡಿಸಿ ನೋಡುವ ಸಂಶೋಧಕರಿದ್ದಾರೆ.

ಮಾತ್ರೆಗಳ ತಿಕ್ಕಾಟ

ಅದೇ ಕಾರಣಕ್ಕೆ ಬೈಪೋಲಾರ್ ರೋಗಿಯ ಇ.ಸಿ.ಟಿ.ಯಲ್ಲಿ ಒಂದು ತೊಡಕಿದೆ. ಫಿಟ್ಸ್ ಬರಿಸಲು ಹೊರಟಿರುವವರ ಮೈಯಲ್ಲಿ ಫಿಟ್ಸ್ ತಡೆಯುವ ಮಾತ್ರೆ ಕೂತಿರುತ್ತದೆ. ಕೆಲವು ವೈದ್ಯರು ಅದನ್ನು ಕಡಿಮೆ ಮಾಡುತ್ತಾರೆ, ಕೆಲವರು ಹಿಂದಿನ ರಾತ್ರಿಯದ್ದು ನಿಲ್ಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಮಾತ್ರೆಯನ್ನು ಪೂರ್ತಿ ಮುಂದುವರಿಸಿದವರು, ಅರ್ಧಕ್ಕೆ ಇಳಿಸಿದವರು, ನಿಲ್ಲಿಸಿದವರು, ಮೂರೂ ಗುಂಪುಗಳಲ್ಲಿ ಗುಣವಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಒಬ್ಬ ವೈದ್ಯರು ನಿಲ್ಲಿಸಿ ಎಂದರು, ಇನ್ನೊಬ್ಬರು ಬೇಡ ಎಂದರು ಎಂದು ಗೊಂದಲಕ್ಕೆ ಬೀಳಬೇಡಿ. ನೀವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು.

ಲಿಥಿಯಂ ರಕ್ತದಲ್ಲಿ ಹೆಚ್ಚಿದ್ದರೆ ಇ.ಸಿ.ಟಿ. ಆದ ಮೇಲಿನ ಗೊಂದಲ ಜಾಸ್ತಿಯಾಗಬಹುದು, ಹಿಂದಿನ ರಾತ್ರಿಯ ಮಾತ್ರೆ ಬಿಡಲು ಹೇಳುವುದುಂಟು. ನಿದ್ದೆಗೆಂದು ಕೊಡುವ ಕ್ಲೋನಜೆಪಾಮ್, ಲೊರಾಜೆಪಾಮ್ ಸಹ ಫಿಟ್ಸನ್ನು ಅಡಗಿಸುತ್ತವೆ. ಇವನ್ನು ಮನೆಯವರು ಮೆಡಿಕಲ್ ಶಾಪಿನಿಂದ ತಂದು ಕೊಡುತ್ತಿದ್ದರೆ ಸಂಕೋಚ ಬಿಟ್ಟು ಹೇಳಿ. ಎಲೆಕ್ಟ್ರೋಡನ್ನು ಎಲ್ಲಿ ಇಡುತ್ತಾರೆ ಎಂಬುದೂ ಕೇಳತಕ್ಕ ಪ್ರಶ್ನೆಯೇ. ಎರಡು ಕಣತಲೆಗಳ ಮೇಲೆ ಇಡುವುದು ಹಳೆಯ ರೂಢಿ. ಬಲಗಡೆ ಮಾತ್ರ ಇಟ್ಟರೆ ನೆನಪಿನ ತೊಂದರೆ ಕಡಿಮೆ. ಹಣೆಯ ಎರಡು ಬದಿಗೆ ಇಡುವ ಕ್ರಮದಲ್ಲಿ ಉನ್ಮಾದ ಬೇಗ ಇಳಿಯುತ್ತದೆ ಎಂದು 2008ರಲ್ಲಿ ತೋರಿಸಿಕೊಟ್ಟದ್ದೂ ನಿಮ್ಹಾನ್ಸ್ ತಂಡವೇ. ಮುಂದೆ ಆ ಸಂಸ್ಥೆಯ ನಿರ್ದೇಶಕರಾದ ಡಾ. ಬಿ.ಎನ್. ಗಂಗಾಧರ್ ಅದರಲ್ಲಿದ್ದರು.

ನೆನಪು: ಇಲ್ಲಿ ನಿಧಾನಿಸಿ

ಇ.ಸಿ.ಟಿ.ಯಿಂದ ನೆನಪಿಗೆ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಲೆಯೇ ಹಾಳಾಗುತ್ತದೆ ಎಂದರೂ ನಂಬಬೇಡಿ. ಚಿಕಿತ್ಸೆ ನಡೆಯುವ ಆ ಕೆಲವು ವಾರ ಹೊಸ ವಿಷಯ ತಲೆಯಲ್ಲಿ ನಿಲ್ಲುವುದು ಕಷ್ಟ. ಬೆಳಿಗ್ಗೆ ಯಾರು ನೋಡಲು ಬಂದಿದ್ದರು ಎಂಬುದು ಸಂಜೆಗೆ ಮರೆತಿರುತ್ತದೆ. ಇದು ಚಿಕಿತ್ಸೆ ಮುಗಿದ ಮೇಲೆ ಸರಿಯಾಗುತ್ತದೆ. 2010ರಲ್ಲಿ 84 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಗಮನ, ಕಲಿಕೆ, ಯೋಚನೆಯ ವೇಗ ಇವೆಲ್ಲ ಕೊನೆಯ ಇ.ಸಿ.ಟಿ. ಆಗಿ ಎರಡು ವಾರ ದಾಟುವ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದಿದ್ದವು, ಕೆಲವು ಅದಕ್ಕಿಂತ ಮೇಲಕ್ಕೂ ಏರಿದ್ದವು.

ಹಳೆಯ ನೆನಪಿನ ಕತೆ ಬೇರೆ. ಇ.ಸಿ.ಟಿ.ಗೆ ಹಿಂದಿನ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಘಟನೆಗಳು ಅಳಿಸಿಹೋಗಬಹುದು. ಅವುಗಳಲ್ಲಿ ಹಲವು ಮರಳುತ್ತವೆ, ಕೆಲವು ಮರಳುವುದಿಲ್ಲ. ಕೆಲವರಿಗೆ ಮಗಳ ನಾಮಕರಣವೋ ತಂಗಿಯ ಮದುವೆಯೋ ಫೋಟೋದಲ್ಲಿ ಮಾತ್ರ ಉಳಿಯಬಹುದು. ಇದು ಸಣ್ಣ ನಷ್ಟವಲ್ಲ. ಅನುಭವಿಸಿದವರು ಹೇಳಿಕೊಂಡಾಗ "ಕಾಯಿಲೆಯಿಂದ ಆಗಿರೋದು ಅದು" ಎಂದು ಬಾಯಿ ಮುಚ್ಚಿಸುವ ಅಭ್ಯಾಸ ಆಸ್ಪತ್ರೆಯಲ್ಲೂ ಇದೆ, ಮನೆಯಲ್ಲೂ ಇದೆ. ತೀವ್ರ ಕಾಯಿಲೆಯೂ ನೆನಪನ್ನು ಕೆಡಿಸುತ್ತದೆ ಎಂಬುದು ನಿಜವೇ. ಆದರೆ ಆ ಮಾತನ್ನು ಇ.ಸಿ.ಟಿ.ಗೆ ಗುರಾಣಿ ಮಾಡಬಾರದು.

ಆದ್ದರಿಂದ ಮೊದಲ ಇ.ಸಿ.ಟಿ.ಗೆ ಮುಂಚೆ ಒಂದು ನೋಟ್‌ಬುಕ್ ಮಾಡಿ. ಆಗುವಷ್ಟನ್ನು ಕಾಯಿಲೆಯವರ ಕೈಯಲ್ಲೇ ಬರೆಸಿ. ಫೋನಿನ ಲಾಕ್, ಯುಪಿಐ ಪಿನ್, ಎಟಿಎಂ ಪಿನ್ ಮರೆತರೆ ಮುಂದೇನು ಎಂದು ನಂಬಿಕೆಯ ಒಬ್ಬರೊಡನೆ ಮಾತಾಡಿಕೊಂಡಿರಲಿ. ಯಾರಿಗೆ ಸಾಲ ಕೊಟ್ಟದ್ದಿದೆ, ಯಾರಿಂದ ತಂದದ್ದಿದೆ, ಚಿನ್ನ ಎಲ್ಲಿ ಅಡವಿಟ್ಟಿದೆ, ಚೀಟಿಯ ಕಂತು ಯಾವಾಗ ಎಂಬುದೆಲ್ಲ ಬರೆದಿರಲಿ. ಉನ್ಮಾದದಲ್ಲಿ ಮಾಡಿದ ಖರೀದಿ, ಕೊಟ್ಟ ಮಾತುಗಳ ವಿಷಯದಲ್ಲಂತೂ ಇದು ಬಹಳ ಮುಖ್ಯ, ಏಕೆಂದರೆ ಅಳಿಸಿಹೋಗುವುದು ಬಹುಪಾಲು ಆ ದಿನಗಳೇ. ಕೋರ್ಸು ಮುಗಿದು ವೈದ್ಯರು ಸರಿ ಎನ್ನುವ ತನಕ ಗಾಡಿ ಓಡಿಸುವಂತಿಲ್ಲ. ಜಮೀನಿನ ಪತ್ರ, ರಾಜೀನಾಮೆ ಪತ್ರ ಯಾವುದಕ್ಕೂ ಸಹಿ ಹಾಕುವುದು ಬೇಡ. ಹಾಕಿಸಿಕೊಳ್ಳಲು ಬರುವ ನೆಂಟರಿದ್ದರೆ ಅವರಿಗೂ ಹೇಳಿಬಿಡಿ.

ನೆನಪಿನ ಪರೀಕ್ಷೆಯನ್ನು ಇ.ಸಿ.ಟಿ.ಗೆ ಮೊದಲು ಒಮ್ಮೆ, ಮಧ್ಯೆ ಒಮ್ಮೆ ಮಾಡಿಸಲು ಕೇಳಿ. ಮರೆವು ವಿಪರೀತವಾದರೆ ವಾರಕ್ಕೆ ಮೂರನ್ನು ಎರಡಕ್ಕೆ ಇಳಿಸಬಹುದು, ಎಲೆಕ್ಟ್ರೋಡಿನ ಜಾಗ ಬದಲಿಸಬಹುದು.

ಸಹಿ ಯಾರದ್ದು

ಕಾಯಿಲೆಯವರಿಗೆ ತಿಳಿದು ನಿರ್ಧರಿಸುವ ಸಾಮರ್ಥ್ಯ ಇದ್ದರೆ ಸಹಿ ಅವರದ್ದೇ, ಗಂಡನದ್ದೂ ಅಲ್ಲ, ಅಪ್ಪನದ್ದೂ ಅಲ್ಲ. ಆ ಹೊತ್ತಿಗೆ ಸಾಮರ್ಥ್ಯ ಇಲ್ಲವಾದರೆ ಅವರ ನಾಮನಿರ್ದೇಶಿತ ಪ್ರತಿನಿಧಿ ಸಹಿ ಹಾಕಬಹುದು. ಬುದ್ಧಿ ತಿಳಿಯಾದ ಮೇಲೆ ಮತ್ತೆ ಅವರನ್ನೇ ಕೇಳಬೇಕು. ಬೈಪೋಲಾರ್‌ನವರಿಗೆ ಕಾಯ್ದೆಯಲ್ಲಿ ಇನ್ನೊಂದು ಅನುಕೂಲವಿದೆ. ಚೆನ್ನಾಗಿರುವ ದಿನಗಳಲ್ಲಿ ಅವರು ಮುಂಗಡ ನಿರ್ದೇಶನ ಬರೆದಿಡಬಹುದು. ನನಗೆ ಮತ್ತೆ ಹೀಗಾದರೆ ಇ.ಸಿ.ಟಿ. ಕೊಡಿ, ಅಥವಾ ಕೊಡಬೇಡಿ, ನನ್ನ ಪರವಾಗಿ ಅಕ್ಕ ನಿರ್ಧರಿಸಲಿ, ಹೀಗೆ. ನಿಗದಿತ ನಮೂನೆಯಲ್ಲಿ ಬರೆದು ಸಾಕ್ಷಿಗಳ ಸಹಿ ಹಾಕಿಸಬೇಕು. ವರ್ಷಗಟ್ಟಲೆ ಚೆನ್ನಾಗಿದ್ದು ನಡುವೆ ಏಕಾಏಕಿ ಕೆಡುವ ಈ ಕಾಯಿಲೆಗೆ ಇದಕ್ಕಿಂತ ಒಪ್ಪುವ ಸೌಲಭ್ಯ ಇನ್ನೊಂದಿಲ್ಲ. ಬಳಸಿಕೊಳ್ಳುವವರು ತೀರಾ ಕಡಿಮೆ.

ಖರ್ಚಿನ ವಿಷಯ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕಂಪನಿಯವರು ಇಲ್ಲ ಎಂದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಿಗೆ ಹೋಗುವವರು ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಒಯ್ಯಿರಿ. ಆಸ್ಪತ್ರೆಗೆ ಹೋಗುವ ಮುನ್ನ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ, ಅಥವಾ ಸಾಯುವ ಮಾತು ಮನೆಯಲ್ಲಿ ಕೇಳಿಬಂದರೆ, ಟೆಲಿ ಮನಸ್ ಸಹಾಯವಾಣಿ 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮುಗಿದ ಮೇಲೆ

ಕೊನೆಯ ಇ.ಸಿ.ಟಿ. ಆದ ವಾರ ಮನೆಯಲ್ಲಿ ಹಬ್ಬದ ವಾತಾವರಣ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ನಗುತ್ತಿದ್ದಾರೆ. ಇನ್ನು ಮಾತ್ರೆ ಯಾಕೆ ಎಂಬ ಪ್ರಶ್ನೆ ಹುಟ್ಟುವುದು ಆಗಲೇ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಬೈಪೋಲಾರ್ ಅಲ್ಲದ ಖಿನ್ನತೆಯವರದ್ದು, ಆದರೂ ಕಣ್ಣು ತೆರೆಸುವಂಥದ್ದು. ಇ.ಸಿ.ಟಿ.ಯಿಂದ ಪೂರ್ತಿ ಗುಣವಾದವರಿಗೆ ಬರೀ ಹುಸಿ ಮಾತ್ರೆ ಕೊಟ್ಟಾಗ ಆರು ತಿಂಗಳಲ್ಲಿ 84% ಮಂದಿಗೆ ಕಾಯಿಲೆ ಮರುಕಳಿಸಿತು. ನಾರ್ಟ್ರಿಪ್ಟಿಲಿನ್ ಜೊತೆ ಲಿಥಿಯಂ ಕೊಟ್ಟವರಲ್ಲಿ ಅದು 39%. ಇ.ಸಿ.ಟಿ. ಈ ಸಲದ ಏಟನ್ನು ತಡೆಯುತ್ತದೆ, ಮುಂದಿನದನ್ನಲ್ಲ.

ಬೈಪೋಲಾರ್‌ನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಖಿನ್ನತೆಗೆಂದು ಕೊಟ್ಟ ಇ.ಸಿ.ಟಿ.ಯಿಂದ ಕೆಲವರು ನೇರ ಉನ್ಮಾದಕ್ಕೆ ಜಿಗಿಯುತ್ತಾರೆ. ಮಾತು ಜಾಸ್ತಿಯಾಗಿ, ಮೂರು ಗಂಟೆ ನಿದ್ದೆಯೇ ಸಾಕು ಎನ್ನತೊಡಗಿದರೆ ಗೆಲುವಾಗಿದ್ದಾರೆ ಎಂದು ಖುಷಿಪಡದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಮಾತ್ರೆ ಯಾವುದು, ಮುಂದಿನ ಭೇಟಿ ಎಂದು, ಎಷ್ಟು ಇ.ಸಿ.ಟಿ. ಆಯಿತು, ಎಲೆಕ್ಟ್ರೋಡ್ ಎಲ್ಲಿಟ್ಟಿದ್ದರು ಎಂಬುದೆಲ್ಲ ಬರೆದಿದೆಯೇ ನೋಡಿ. ಇನ್ನೊಮ್ಮೆ ಬೇಕಾದರೆ ಆ ಚೀಟಿಯೇ ಆಧಾರ. ಲಿಥಿಯಂ ಶುರುವಾಗಿದ್ದರೆ ರಕ್ತ ಪರೀಕ್ಷೆಯನ್ನು ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆ ಆದ ಮೇಲೆ ಮಾಡಿಸಬೇಕು. ಬೆಳಿಗ್ಗೆ ಲ್ಯಾಬಿಗೆ ಹೋಗುವ ಮುಂಚೆ ಮಾತ್ರೆ ನುಂಗಿದರೆ ವರದಿ ತಪ್ಪಾಗುತ್ತದೆ. ಥೈರಾಯ್ಡ್, ಕಿಡ್ನಿ ಪರೀಕ್ಷೆಗಳೂ ಆರು ತಿಂಗಳಿಗೊಮ್ಮೆ ಆಗಬೇಕು. ಮಾತ್ರೆಯಿಂದಲೂ ನಿಲ್ಲದೆ ಪದೇಪದೇ ಮರುಕಳಿಸುವವರಿಗೆ ಇ.ಸಿ.ಟಿ.ಯನ್ನೇ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಅಂತರ ಹೆಚ್ಚಿಸುತ್ತಾ ಮುಂದುವರಿಸುವುದುಂಟು. ಅಂಥವರು ಬೆಳಿಗ್ಗೆ ಬಂದು ಮಧ್ಯಾಹ್ನದ ಹೊತ್ತಿಗೆ ಮನೆಗೆ ಹೋಗುತ್ತಾರೆ, ಜೊತೆಗೆ ಒಬ್ಬರು ಇರಲೇಬೇಕು.